ಆತ್ಮ, ಜೀವ, ಪ್ರೇತ: ಮರಣಾನಂತರದ ವಿಚಾರವನ್ನು ಗೊಂದಲವಿಲ್ಲದೆ ಓದುವ ಬಗೆ

ಸತ್ತ ಮೇಲೆ ಏನಾಗುತ್ತದೆ ಎಂದು ತಿಳಿಯಲು ಹಿಂದೂ ಗ್ರಂಥಗಳನ್ನು ತೆರೆದವರು ಬಹಳ ಬೇಗ ಒಂದು ತೊಡಕಿಗೆ ಸಿಲುಕುತ್ತಾರೆ. ಆತ್ಮವನ್ನು ಬೆಂಕಿ ಸುಡದು, ನೀರು ನೆನೆಸದು ಎಂದು ಗೀತೆಯ ಎರಡನೆಯ ಅಧ್ಯಾಯ ಹೇಳಿದರೆ, ಸತ್ತವನು ಹಸಿವು ಬಾಯಾರಿಕೆಗಳಿಂದ ಬಳಲುತ್ತ ಯಮಮಾರ್ಗದಲ್ಲಿ ನಡೆಯುತ್ತಾನೆ ಎಂದು ಗರುಡ ಪುರಾಣ ಹೇಳುತ್ತದೆ. ಸುಡದ, ನೆನೆಯದ ವಸ್ತುವಿಗೆ ಹಸಿವು ಎಲ್ಲಿಂದ ಬಂತು? ಇವೆರಡೂ ಒಂದೇ ವಸ್ತುವನ್ನು ಕುರಿತ ಮಾತುಗಳಲ್ಲ ಎಂಬುದನ್ನು ಮನಗಂಡ ಹೊರತು ಮುಂದಿನ ಓದು ಸಾಗುವುದಿಲ್ಲ.

ಆದ್ದರಿಂದ ಓದನ್ನು ಪದಗಳಿಂದ ಆರಂಭಿಸಿ. ಹುಟ್ಟು ಸಾವುಗಳಿಲ್ಲದ ಚೈತನ್ಯಕ್ಕೆ ಆತ್ಮವೆಂದು ಹೆಸರು. ಅದೇ ಆತ್ಮವು ಸೂಕ್ಷ್ಮ ಶರೀರದೊಡನೆ, ತಾನು ಮಾಡಿದ ಕರ್ಮದ ಸಂಸ್ಕಾರಗಳನ್ನು ಹೊತ್ತು, ಒಂದು ದೇಹದಿಂದ ಇನ್ನೊಂದಕ್ಕೆ ಸಾಗುವಾಗ ಜೀವವೆನಿಸುತ್ತದೆ. ಸೂಕ್ಷ್ಮ ಶರೀರದಲ್ಲಿ ಐದು ಜ್ಞಾನೇಂದ್ರಿಯ, ಐದು ಕರ್ಮೇಂದ್ರಿಯ, ಐದು ಪ್ರಾಣ, ಮನಸ್ಸು ಮತ್ತು ಬುದ್ಧಿ, ಹೀಗೆ 17 ಅಂಗಗಳನ್ನು ವೇದಾಂತಿಗಳು ಎಣಿಸುತ್ತಾರೆ. ‘ಆತ್ಮಕ್ಕೆ ಶಾಂತಿ ಸಿಗಲಿ’ ಎಂಬ ಮಾತು ಎಲ್ಲೆಡೆ ಬಳಕೆಯಲ್ಲಿದ್ದರೂ, ಗೀತೆ ಹೇಳುವ ಆತ್ಮಕ್ಕೆ ಅಶಾಂತಿಯೇ ಇಲ್ಲ. ಮುಂದೆ ಸಾಗಬೇಕಾದ ಜೀವಕ್ಕೆ ಒಳ್ಳೆಯ ದಾರಿಯನ್ನು ಕೋರುವ ‘ಸದ್ಗತಿ’ ಎಂಬ ಹಳೆಯ ಪದವೇ ಹೆಚ್ಚು ಸರಿಯಾದುದೆಂದು ನನಗನಿಸುತ್ತದೆ.

ಮೂರನೆಯ ಪದವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ತಂದೆಯವರ ಅಪರಕರ್ಮದ, ಅಂದರೆ ಉತ್ತರಕ್ರಿಯೆಯ, ಸಂಕಲ್ಪದಲ್ಲಿ ಪುರೋಹಿತರು ಅವರ ಹೆಸರಿನ ಜೊತೆಗೆ ‘ಪ್ರೇತಸ್ಯ’ ಎಂದಾಗ, ಒಳಗೆ ಕುಳಿತಿದ್ದ ತಾಯಿ ಬೆಚ್ಚಿ, “ಅವರನ್ನು ಪ್ರೇತ ಅಂತ ಯಾಕೆ ಕರೀತಾರೆ?” ಎಂದು ಅತ್ತಿದ್ದರು. ಸಂಸ್ಕೃತದಲ್ಲಿ ಆ ಪದಕ್ಕೆ ‘ಮುಂದಕ್ಕೆ ಹೋದವನು’ ಎಂದಷ್ಟೇ ಅರ್ಥ. ದೇಹ ಬಿಟ್ಟು, ಪಿತೃಗಳನ್ನು ಇನ್ನೂ ಸೇರದವನ ನಡುವಣ ಸ್ಥಿತಿ ಅದು. ಹನ್ನೆರಡನೆಯ ದಿನ ಸಪಿಂಡೀಕರಣದಲ್ಲಿ ಅವರ ಪಿಂಡವನ್ನು ಮೂರು ಭಾಗ ಮಾಡಿ, ಅವರ ತಂದೆ, ತಾತ, ಮುತ್ತಾತರ ಮೂರು ಪಿಂಡಗಳಲ್ಲಿ ಬೆರೆಸಿದ ಮೇಲೆ ಪುರೋಹಿತರ ಬಾಯಲ್ಲಿ ಪ್ರೇತ ಎಂಬ ಪದ ಮತ್ತೆ ಬರಲಿಲ್ಲ, ಪಿತೃ ಎಂಬ ಪದ ಬಂತು. ಗರುಡ ಪುರಾಣದ ಹಸಿವು ಬಾಯಾರಿಕೆಗಳೆಲ್ಲ ಈ ನಡುವಣ ಸ್ಥಿತಿಗೆ ಸೇರಿದವು.

ಪದಗಳು ಸ್ಪಷ್ಟವಾದ ಮೇಲೆ ಉಪನಿಷತ್ತುಗಳಿಗೆ ಬನ್ನಿ. ಬೃಹದಾರಣ್ಯಕದ ನಾಲ್ಕನೆಯ ಅಧ್ಯಾಯದಲ್ಲಿ ಯಾಜ್ಞವಲ್ಕ್ಯನು ಜನಕನಿಗೆ ಹೇಳುವ ಹುಲ್ಲಿನ ಹುಳುವಿನ ಉಪಮೆಯನ್ನು ನಿಧಾನವಾಗಿ ಓದಿ: ಹುಲ್ಲಿನೆಸಳಿನ ತುದಿ ಮುಟ್ಟಿದ ಹುಳು ಇನ್ನೊಂದು ಆಸರೆಯನ್ನು ಹಿಡಿದು ತನ್ನ ಮೈಯನ್ನು ಅತ್ತ ಎಳೆದುಕೊಳ್ಳುವಂತೆ ಜೀವವು ಈ ದೇಹವನ್ನು ಬಿಡುತ್ತದೆ. ಅನಂತರ ಛಾಂದೋಗ್ಯದ ಐದನೆಯ ಅಧ್ಯಾಯ. ಅಲ್ಲಿ ರಾಜ ಪ್ರವಾಹಣ ಜೈವಲಿ ಕೇಳುವ ಐದು ಪ್ರಶ್ನೆಗಳಲ್ಲಿ ಒಂದಕ್ಕೂ ಶ್ವೇತಕೇತುವಿಗೆ ಉತ್ತರ ಗೊತ್ತಿರುವುದಿಲ್ಲ. ಇಷ್ಟೊಂದು ಜನ ಸತ್ತು ಹೋಗುತ್ತಿದ್ದರೂ ಆ ಲೋಕ ಏಕೆ ತುಂಬಿಹೋಗುವುದಿಲ್ಲ ಎಂಬುದು ಅವುಗಳಲ್ಲೊಂದು. ಸತ್ತವರು ಸಾಗುವ ದೇವಯಾನ (ದೇವತೆಗಳ ದಾರಿ), ಪಿತೃಯಾನ (ಪಿತೃಗಳ ದಾರಿ) ಎಂಬ ಎರಡು ದಾರಿಗಳನ್ನು ಆ ಅಧ್ಯಾಯ ವಿವರಿಸುತ್ತದೆ. ದೇವಯಾನದಲ್ಲಿ ಹೋದವರು ಮರಳುವುದಿಲ್ಲ. ಪಿತೃಯಾನದಲ್ಲಿ ಹೋದವರು ಚಂದ್ರಲೋಕದಲ್ಲಿ ಪುಣ್ಯ ತೀರುವವರೆಗೆ ಇದ್ದು, ಮೋಡವಾಗಿ, ಮಳೆಯಾಗಿ ಇಳಿದು, ಭತ್ತ, ಎಳ್ಳು, ಉದ್ದುಗಳಾಗಿ ಮತ್ತೆ ಹುಟ್ಟಿನ ದಾರಿಗೆ ಬರುತ್ತಾರೆ. ಸ್ವರ್ಗವು ಕೊನೆಯ ನಿಲ್ದಾಣವಲ್ಲ ಎಂಬುದನ್ನು ಗೀತೆಯ ಒಂಬತ್ತನೆಯ ಅಧ್ಯಾಯವೂ ಹೇಳುತ್ತದೆ. ಸ್ವರ್ಗ ಮತ್ತು ಮೋಕ್ಷಗಳನ್ನು ಒಂದೇ ಎಂದು ಭಾವಿಸಿ ಓದಿದರೆ ಇಡೀ ಓದು ದಾರಿ ತಪ್ಪುತ್ತದೆ.

ನರಕಗಳ ವರ್ಣನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿನ ವಾಸಕ್ಕೂ ಸ್ವರ್ಗವಾಸದಂತೆಯೇ ಸಾಮಾನ್ಯವಾಗಿ ಅವಧಿ ಇದೆ.

ಮೋಕ್ಷದ ಬಗ್ಗೆ ಓದುವಾಗ ಯಾವ ಆಚಾರ್ಯರ ಭಾಷ್ಯವೆಂದು ಮೊದಲು ನೋಡಿಕೊಳ್ಳಿ. ಶಂಕರರಲ್ಲಿ ಜೀವ ಬ್ರಹ್ಮಗಳ ಭೇದವೇ ಅಜ್ಞಾನ; ರಾಮಾನುಜರಲ್ಲಿ ಜೀವವು ಭಗವಂತನ ಶರೀರವಾಗಿ ಅವನನ್ನು ಸೇವಿಸುತ್ತದೆ; ಮಧ್ವರಲ್ಲಿ ಮುಕ್ತಿಯಲ್ಲೂ ಜೀವರು ಬೇರೆಬೇರೆ, ಅವರವರ ಆನಂದದಲ್ಲೂ ತಾರತಮ್ಯವಿದೆ. ಮೂವರನ್ನೂ ಒಂದೇ ವಾಕ್ಯದಲ್ಲಿ ಹೊಂದಿಸಲು ಹೋಗಬೇಡಿ.

ಹೀಗೆ ಓದುತ್ತ ಹೋದಾಗ ಒಂದು ಪ್ರಶ್ನೆ ಏಳದೆ ಇರದು: ಜೀವ ಆಗಲೇ ಮತ್ತೆ ಹುಟ್ಟಿದ್ದರೆ ನಾವು ಶ್ರಾದ್ಧದಲ್ಲಿ ಕೊಟ್ಟದ್ದು ಯಾರಿಗೆ ತಲುಪುತ್ತದೆ? ವಸು, ರುದ್ರ, ಆದಿತ್ಯರು ಶ್ರಾದ್ಧದ ದೇವತೆಗಳೆಂದು ಯಾಜ್ಞವಲ್ಕ್ಯ ಸ್ಮೃತಿ ಹೇಳುತ್ತದೆ. ಅವರು ತೃಪ್ತರಾಗಿ ಪಿತೃಗಳನ್ನು ತೃಪ್ತಿಪಡಿಸುತ್ತಾರೆ. ಹಾಗೆ ತಲುಪಿದ ಅನ್ನವು ದೇವತೆಯಾಗಿ ಹುಟ್ಟಿದವನಿಗೆ ಅಮೃತವಾಗಿ, ಪಶುವಾಗಿ ಹುಟ್ಟಿದವನಿಗೆ ಹುಲ್ಲಾಗಿ ಒದಗುತ್ತದೆ ಎಂಬುದು ಪುರಾಣದ ಮಾತು.