ಬಾರ್ಬೆಲ್ ಸ್ಕ್ವಾಟ್: ಹೆಗಲ ಮೇಲೆ ಭಾರ ಹೊತ್ತು ಸರಿಯಾಗಿ ಕೂತೇಳುವ ಬಗೆ

ಗರಡಿಯಲ್ಲಿ ಬಸ್ಕಿ ಹೊಡೆದು ಪಳಗಿದವರಿಗೂ ಬಾರ್ಬೆಲ್ ಸ್ಕ್ವಾಟ್, ಅಂದರೆ ತೂಕದ ಬಿಲ್ಲೆ ಸಿಕ್ಕಿಸುವ ಉದ್ದ ಸರಳನ್ನು (ಬಾರ್) ಹೆಗಲ ಮೇಲೆ ಹೊತ್ತು ಕೂತೇಳುವುದು, ಬೇರೆಯೇ ಕಲಿಕೆ. ಬಸ್ಕಿಯಲ್ಲಿ ಹಿಮ್ಮಡಿ ಎದ್ದರೆ ನಡೆಯುತ್ತದೆ, ಇಲ್ಲಿ ಏಳಲೇಬಾರದು.

ರ‍್ಯಾಕಿನ (ಬಾರ್ ಇಡುವ ಕಂಬಗಳ ಚೌಕಟ್ಟಿನ) ಕೊಕ್ಕೆ ಎದೆಯ ನಡುಮಟ್ಟಕ್ಕಿರಲಿ. ಪೂರ್ತಿ ಕೂತಾಗ ಬಾರ್ ಎಲ್ಲಿಗೆ ಬರುತ್ತದೋ ಅದಕ್ಕಿಂತ ತುಸು ಕೆಳಗೆ, ಏಳಲಾಗದಿದ್ದರೆ ಬಾರ್ ತಡೆಯುವ ಅಡ್ಡಕಂಬಿ ಹಾಕಿ. ಅದಿಲ್ಲದೆ ಒಬ್ಬರೇ ಭಾರ ಹೊರಲೇಬೇಡಿ. ಬಾರ್ ಕೂರಬೇಕಾದ್ದು ಕುತ್ತಿಗೆ ಮೂಳೆಯ ಮೇಲಲ್ಲ, ಅದರ ಕೆಳಗೆ, ಹೆಗಲ ಮಾಂಸಖಂಡದ ಮೇಲೆ. ಎರಡು ಹೆಜ್ಜೆ ಹಿಂದೆ ಸರಿದು ಪಾದಗಳನ್ನು ಭುಜದಗಲಕ್ಕಿಡಿ, ಬೆರಳುಗಳನ್ನು 15ರಿಂದ 30 ಡಿಗ್ರಿ ಹೊರಗೆ ತಿರುಗಿಸಿ. ಹೊಟ್ಟೆ ತುಂಬ ಉಸಿರೆಳೆದು, ನಡು ಬಿಗಿಹಿಡಿದು, ತೊಡೆಸಂದು ಮಂಡಿಗಿಂತ ಕೆಳಗಿಳಿಯುವವರೆಗೆ ಕೂರಿ.

ಮಂಡಿ ಒಳಗೆ ವಾಲಿದರೆ ಅದನ್ನು ಕಾಲ್ಬೆರಳಿನ ದಿಕ್ಕಿಗೇ ತಳ್ಳಿ. ಹಿಮ್ಮಡಿ ಎದ್ದರೆ ಪಾದದ ಕೀಲು ಬಿಗಿಯಾಗಿರಬಹುದು. ಮೆತ್ತನೆ ಓಟದ ಶೂ ಬಿಡಿ, ಗಟ್ಟಿ ಅಡಿಯದ್ದು ಹಾಕಿ. ಏಳುವಾಗ ಕುಂಡಿ ಮೊದಲು ಮೇಲೆದ್ದರೆ ಭಾರವೆಲ್ಲ ಬೆನ್ನಿಗೆ ಬೀಳುತ್ತದೆ. ಆಗ ತೂಕ ಇಳಿಸುವುದೇ ಸರಿ.

20 ಕೆಜಿಯ ಖಾಲಿ ಬಾರಿನಿಂದಲೇ ಶುರುಮಾಡಿ: ಐದೈದು ಸಲ ಕೂತೆದ್ದು 3 ಸೆಟ್ (ಸುತ್ತು). ಸಲೀಸಾದರೆ ಮುಂದಿನ ಸಲ 2.5 ಕೆಜಿ ಸೇರಿಸಿ.

ರಾಯಚೂರು, ಬಳ್ಳಾರಿಯಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆವರಿದ ಬೆನ್ನ ಮೇಲೆ ಬಾರ್ ಜಾರುತ್ತದೆ. ಬೆಳಗಿನ ಜಾವವೇ ಮುಗಿಸಿ, ಒಣ ಹತ್ತಿ ಅಂಗಿ ತೊಡಿ.