ಲಾಟ್ವಿಯನ್‌ನಲ್ಲಿ ಬೆಳಿಗ್ಗೆ, ಸಂಜೆ, ಏಳೂವರೆ

ಹೊತ್ತು ಹೇಳಲು ಲಾಟ್ವಿಯಾ ದೇಶದ ಭಾಷೆಯಾದ ಲಾಟ್ವಿಯನ್‌ನಲ್ಲಿ ಮೂಲ ಪದಗಳು ನಾಲ್ಕೇ: ರೀತ್ಸ್ (ಬೆಳಿಗ್ಗೆ), ದಿಯೆನ (ಹಗಲು), ವಕರ್ಸ್ (ಸಂಜೆ), ನಕ್ತ್ಸ್ (ರಾತ್ರಿ). ಆದರೆ ಮಾತಿಗೆ ಮೊದಲು ಬೇಕಾಗುವುದು ‘ಸಂಜೆ ಹೊತ್ತಿನಲ್ಲಿ’ ಎಂಬಂಥ ರೂಪ. ಹಾಗಾಗಿ ನಾನು ಕಲಿತದ್ದು ಅದನ್ನೇ ಮೊದಲು: ದಿಯೆನಾ, ವಕರಾ, ನಕ್ತೀ. ಬೆಳಿಗ್ಗೆಗೆ ಮಾತ್ರ ಸಾಮಾನ್ಯವಾಗಿ ‘ನುವೊ ರೀತ’ ಎನ್ನುತ್ತಾರೆ. ಅಲ್ಲಿ ಕೊನೆಯ ಸ್ವರ ಎಳೆಯಬಾರದು.

ಟಿಪ್ಪಣಿಯನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆದುಕೊಂಡೆ. ರೋಮನ್ ಅಕ್ಷರದ ತಲೆ ಮೇಲಿನ ಗೆರೆ ಕಣ್ಣು ತಪ್ಪಿಸುತ್ತದೆ, ನಮ್ಮ ದೀರ್ಘ ತಪ್ಪಿಸುವುದಿಲ್ಲ. ‘ವಿಸು ನಕ್ತಿ’ ಎಂದರೆ ರಾತ್ರಿಯಿಡೀ, ‘ನಕ್ತೀ’ ಎಂದರೆ ರಾತ್ರಿ ವೇಳೆಯಲ್ಲಿ. ತ, ದ ನಮ್ಮವೇ, ಟ, ಡ ಬೇಡ. ಞ ಅಕ್ಷರಕ್ಕೂ ಕೊನೆಗೊಂದು ಕೆಲಸ ಸಿಗುತ್ತದೆ. ಬರವಣಿಗೆಯ ‘ಒ’ ಅಚ್ಚ ಲಾಟ್ವಿಯನ್ ಪದಗಳಲ್ಲಿ ‘ಉವೊ’ ಆಗುತ್ತದೆ.

ಕೊನೆಯ ಸ್ ನುಂಗಿದರೆ ಅರ್ಥವೇ ಬದಲು: ವಕರ್ ಎಂದರೆ ನಿನ್ನೆ, ರೀತ್ ಎಂದರೆ ನಾಳೆ. ಇವನ್ನು ಬಿಡಿಯಾಗಿ ಉರು ಹೊಡೆಯುವುದಕ್ಕಿಂತ ಜೋಡಿಯಾಗಿ ಹೇಳಿಕೊಳ್ಳಿ: ವಕರ್ ವಕರಾ (ನಿನ್ನೆ ಸಂಜೆ), ರೀತ್ ನುವೊ ರೀತ (ನಾಳೆ ಬೆಳಿಗ್ಗೆ). ಇವತ್ತಿನದಕ್ಕೆ ಮುಂದೆ ‘ಶುವೊ’ ಸೇರುತ್ತದೆ: ಶುವೊರೀತ್, ಶುವೊದಿಯೆನ್, ಶುವೊವಕರ್, ಶುವೊನಕ್ತ್.

ಕನ್ನಡದವರು ನಿಜವಾಗಿ ಎಡವುವುದು ಗಡಿಯಾರದಲ್ಲಿ. ನಾವು ಕಳೆದ ಗಂಟೆಗೆ ಅರ್ಧ ಕೂಡಿಸಿ ಏಳೂವರೆ ಎನ್ನುತ್ತೇವೆ. ಅವರು ಬರಲಿರುವ ಗಂಟೆಯ ಅರ್ಧ ಎಣಿಸುತ್ತಾರೆ. ಏಳು ಸೆಪ್ತಿಞಿ, ಎಂಟು ಅಸ್ತುವೊಞಿ, 7.30 ಮಾತ್ರ ಪುಸಸ್ತುವೊಞಿ, ‘ಅರ್ಧ ಎಂಟು’. ‘ಏಳೂವರೆಗೆ’ ಎನ್ನಲು ಪುಸಸ್ತುವೊಞುವೊಸ್. ಅದನ್ನು ಎಂಟೂವರೆ ಎಂದುಕೊಂಡು ಹೊರಟರೆ ಒಂದು ಗಂಟೆ ತಡ. 12.30 ಇನ್ನೂ ವಿಚಿತ್ರ: ಪುಸ್‌ವಿಯೆನ್ಸ್, ‘ಅರ್ಧ ಒಂದು’. ಕನ್ನಡದ ಗಂಟೆಗೆ ಒಂದು ಕೂಡಿಸಿ, ಮುಂದೆ ಪುಸ್ ಹಚ್ಚಿ. ಅನುಮಾನವಿದ್ದರೆ ‘ಸೆಪ್ತಿಞುವೊಸ್ ತ್ರೀಸ್‌ದೆಸ್ಮಿತ್’ (ಏಳು ಮೂವತ್ತಕ್ಕೆ) ಎಂದರೂ ನಡೆಯುತ್ತದೆ.

ನಮಸ್ಕಾರಗಳು ಲಬ್ರೀತ್, ಲಬ್ದಿಯೆನ್, ಲಬ್ವಕರ್. ಲಾಟ್ವಿಯನ್‌ನಲ್ಲಿ ಒತ್ತು ಸಾಮಾನ್ಯವಾಗಿ ಮೊದಲ ಉಚ್ಚಾರಾಂಶಕ್ಕೆ. ಈ ಮೂರರಲ್ಲಿ ಎರಡನೆಯದಕ್ಕೆ. ಯಾವುದನ್ನು ಯಾವಾಗ ಹೇಳಬೇಕೆಂದು ಆಕಾಶ ನೋಡಿ ತೀರ್ಮಾನಿಸಬೇಡಿ. ಲಾಟ್ವಿಯಾದ ರಾಜಧಾನಿ ರೀಗಾದಲ್ಲಿ ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ, ಜೂನ್ ಕೊನೆಯಲ್ಲಿ ರಾತ್ರಿ ಹತ್ತರ ಮೇಲೆ. ಕತ್ತಲಿರಲಿ, ಬೆಳಕಿರಲಿ, ಸುಮಾರು ಆರರಿಂದ ಲಬ್ವಕರ್. ‘ಅರ್ ಲಬು ನಕ್ತಿ’ ಮಾತ್ರ ಮಲಗಲು ಹೊರಡುವಾಗ, ಬೀಳ್ಕೊಡುವಾಗ. ರಾತ್ರಿ ಯಾರಾದರೂ ಎದುರಾದರೆ ಆಗಲೂ ಲಬ್ವಕರ್ ಅನ್ನಿ.