ನನ್ನ ಮನೆಯ ಚಿತ್ರಗಳು ಮನೆಯಲ್ಲೇ ಕೂರುವುದಿಲ್ಲ

ಆಧುನಿಕ ಚಿತ್ರಗಳನ್ನು ಸಂಗ್ರಹಿಸುತ್ತೇನೆ ಎಂದಾಗಲೆಲ್ಲ ಎರಡು ಪ್ರಶ್ನೆಗಳು ಎದುರಾಗುತ್ತವೆ. ಅಷ್ಟು ಹಣ ಎಲ್ಲಿಂದ ತರುತ್ತೀರಿ ಎಂಬುದು ಒಂದು. ಆ ಚಿತ್ರಗಳಲ್ಲಿ ಏನಿದೆ ಎಂದು ನಿಮಗೆ ನಿಜವಾಗಿಯೂ ಅರ್ಥವಾಗುತ್ತದೆಯೇ ಎಂಬುದು ಇನ್ನೊಂದು. ಎರಡನ್ನೂ ನಾನು ತಳ್ಳಿಹಾಕುವುದಿಲ್ಲ. ಚಿತ್ರಗಳನ್ನು ಪ್ರೀತಿಸಬಲ್ಲ ಎಷ್ಟೋ ಜನ ಗ್ಯಾಲರಿಯ ಬಾಗಿಲಿನಿಂದಲೇ ಹಿಂದಿರುಗುವುದು ಈ ಎರಡು ಅಂಜಿಕೆಗಳಿಂದ.

ಹಣದ ಪ್ರಶ್ನೆ ಬಂದಾಗ ನಾನು ನ್ಯೂಯಾರ್ಕಿನ ಹರ್ಬರ್ಟ್ ಮತ್ತು ಡೊರೋಥಿ ವೋಗೆಲ್ ದಂಪತಿಯ ಕಥೆ ಹೇಳುತ್ತೇನೆ. ಹರ್ಬರ್ಟ್ ಅಂಚೆ ಇಲಾಖೆಯಲ್ಲಿ ಪತ್ರ ವಿಂಗಡಿಸುವ ನೌಕರ, ಡೊರೋಥಿ ಬ್ರೂಕ್ಲಿನ್‌ನ ಸಾರ್ವಜನಿಕ ಗ್ರಂಥಾಲಯದಲ್ಲಿ ಗ್ರಂಥಪಾಲಕಿ. ಆಕೆಯ ಸಂಬಳದಲ್ಲಿ ಸಂಸಾರ ನಡೆಯುತ್ತಿತ್ತು, ಆತನ ಸಂಬಳ ಚಿತ್ರಗಳಿಗೆ ಹೋಗುತ್ತಿತ್ತು. 1960ರ ದಶಕದಿಂದ ಆರಂಭಿಸಿ, ಆಗಿನ್ನೂ ಹೆಚ್ಚು ಜನ ಗಮನಿಸದಿದ್ದ ಕಲಾವಿದರ ಸ್ಟುಡಿಯೋಗಳಿಗೆ ಹೋಗಿ, ಮಾತನಾಡಿ, ಕಂತಿನಲ್ಲಿ ಹಣ ಕೊಟ್ಟು ಕೃತಿಗಳನ್ನು ತಂದರು. ಅವರ ನಿಯಮಗಳು ಸರಳವಾಗಿದ್ದವು: ಬೆಲೆ ಕೈಗೆಟುಕಬೇಕು, ಕೃತಿ ತಮ್ಮ ಒಂದೇ ಮಲಗುವ ಕೋಣೆಯ ಪುಟ್ಟ ಮನೆಯಲ್ಲಿ ಹಿಡಿಸಬೇಕು. 1992ರಲ್ಲಿ ಆ ಸಂಗ್ರಹವನ್ನು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ಗೆ ಒಪ್ಪಿಸುವುದೆಂದು ತೀರ್ಮಾನವಾಯಿತು. 2008ರಲ್ಲಿ ಅಮೆರಿಕದ 50 ರಾಜ್ಯಗಳಲ್ಲಿ ತಲಾ ಒಂದು ಸಂಸ್ಥೆಗೆ 50 ಕೃತಿಗಳಂತೆ, ಒಟ್ಟು 2,500 ಕೃತಿಗಳನ್ನು ಹಂಚುವ ಯೋಜನೆಯೂ ಪ್ರಕಟವಾಯಿತು. ಆ ದಂಪತಿಯ ಕಣ್ಣು ನನಗಿದೆ ಎಂದು ನಾನು ಹೇಳುವುದಿಲ್ಲ. ಆದರೆ ಅವರ ನಿಯಮಗಳನ್ನು ಯಾರು ಬೇಕಾದರೂ ಎರವಲು ಪಡೆಯಬಹುದು. ನಾನು ಅವುಗಳಿಗೆ ಒಂದನ್ನು ಸೇರಿಸಿಕೊಂಡಿದ್ದೇನೆ: ನಾನು ಕೊಳ್ಳುವುದು ಬದುಕಿರುವ ಕಲಾವಿದರ ಕೃತಿಗಳನ್ನು ಮಾತ್ರ. ನನ್ನ ಹಣ ಅವರ ಮುಂದಿನ ಕಾಗದಕ್ಕೆ, ಬಣ್ಣಕ್ಕೆ, ಮನೆ ಬಾಡಿಗೆಗೆ ಒದಗಬೇಕು ಎಂಬ ಆಸೆ ನನ್ನದು.

ಅರ್ಥದ ಪ್ರಶ್ನೆ ಇದಕ್ಕಿಂತ ಕಠಿಣ. ನಾನು ಕಂಡುಕೊಂಡ ದಾರಿ ಒಂದು ನೋಟ್‌ಬುಕ್ಕು. ಪ್ರದರ್ಶನಕ್ಕೆ ಹೋದಾಗ ಎಲ್ಲವನ್ನೂ ನೋಡುವ ಆಸೆಯನ್ನು ಬದಿಗಿಟ್ಟು, ಒಂದೋ ಎರಡೋ ಚಿತ್ರಗಳ ಮುಂದೆ ಕಾಲು ಸೋಲುವವರೆಗೆ ನಿಲ್ಲುತ್ತೇನೆ. ಅದನ್ನು ಕಾಣದವರಿಗೆ ವಿವರಿಸುವಂತೆ ಬರೆದುಕೊಳ್ಳುತ್ತೇನೆ. 'ಸುಂದರ', 'ಅದ್ಭುತ', 'ವಿಚಿತ್ರ' ಎಂಬ ಪದಗಳಿಗೆ ಅಲ್ಲಿ ಪ್ರವೇಶವಿಲ್ಲ. ಯಾವ ಬಣ್ಣದ ಮೇಲೆ ಯಾವ ಬಣ್ಣ ಬಂದಿದೆ, ಅಂಚು ಹರಿತವಾಗಿದೆಯೋ ಮಸುಕಾಗಿದೆಯೋ, ಕಣ್ಣು ಮೊದಲು ಎಲ್ಲಿಗೆ ಹೋಗಿ ಆಮೇಲೆ ಎಲ್ಲಿಗೆ ಜಾರುತ್ತದೆ, ಖಾಲಿ ಜಾಗ ಸುಮ್ಮನೆ ಉಳಿದದ್ದೋ ಬೇಕೆಂದೇ ಬಿಟ್ಟದ್ದೋ, ಇವೇ ನನ್ನ ಪ್ರಶ್ನೆಗಳು. ಹೀಗೆ ಬರೆಯುತ್ತ ಹೋದಂತೆ, ಅಮೂರ್ತ ಚಿತ್ರದೊಳಗೆ ಅಡಗಿರುವ ವಸ್ತುವೊಂದನ್ನು ಪತ್ತೆಹಚ್ಚಬೇಕು ಎಂಬ ಒತ್ತಡ ತಾನಾಗಿಯೇ ಇಳಿಯಿತು. ಜೋಸೆಫ್ ಆಲ್ಬರ್ಸ್ 1950ರಲ್ಲಿ ಚೌಕದೊಳಗೆ ಚೌಕಗಳನ್ನಿಟ್ಟು ಬರೆಯಲು ತೊಡಗಿ, 1976ರಲ್ಲಿ ತೀರಿಕೊಳ್ಳುವವರೆಗೂ ಸಾವಿರಕ್ಕೂ ಹೆಚ್ಚು ಅಂಥ ಚಿತ್ರಗಳನ್ನು ಮಾಡಿದರು. ಆಕಾರ ಬಹುಮಟ್ಟಿಗೆ ಅದೇ. ಬದಲಾಗುವುದು ಬಣ್ಣ, ಮತ್ತು ಪಕ್ಕದ ಬಣ್ಣದಿಂದಾಗಿ ಆ ಬಣ್ಣ ಕಾಣುವ ರೀತಿ. ಅದೇ ಹಳದಿ ಒಂದು ಕಡೆ ಮುಂದಕ್ಕೆ ಬರುತ್ತದೆ, ಇನ್ನೊಂದು ಕಡೆ ಹಿಂದಕ್ಕೆ ಸರಿಯುತ್ತದೆ. ಇದನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ಅದರ ಅರ್ಥ ಬೇರೆಯಾಗಿ ಹೇಳಬೇಕಾಗಿಲ್ಲ.

ನೋಡಿ ಬಂದ ಮೇಲೆ ತಕ್ಷಣ ಕೊಳ್ಳುವುದಿಲ್ಲ. ಕೆಲವು ವಾರ ಸುಮ್ಮನಿರುತ್ತೇನೆ. ನೋಟ್‌ಬುಕ್ ತೆರೆಯದೆಯೇ ಯಾವ ಚಿತ್ರ ನೆನಪಿನಲ್ಲಿ ಮತ್ತೆ ಮತ್ತೆ ಏಳುತ್ತದೆಯೋ ಅದರ ಬಳಿಗೆ ಮರಳಿ ಹೋಗುತ್ತೇನೆ. ಅಷ್ಟರಲ್ಲಿ ಅದು ಬೇರೆಯವರ ಪಾಲಾಗಿದ್ದರೆ ಬೇಸರವಾಗುತ್ತದೆ ನಿಜ, ಆದರೆ ಕಲಾವಿದರಿಗೆ ಒಳ್ಳೆಯದೇ ಆಗಿರುತ್ತದೆ.

ಹುಡುಕುವ ಜಾಗಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಲಾಶಾಲೆಗಳ ವರ್ಷಾಂತ್ಯದ ಪ್ರದರ್ಶನ, ಕಲಾವಿದರು ತಮ್ಮ ಸ್ಟುಡಿಯೋವನ್ನು ಎಲ್ಲರಿಗೂ ತೆರೆದಿಡುವ ದಿನಗಳು, ಹಲವರು ಸೇರಿ ನಡೆಸುವ ಮುದ್ರಣ ಕಾರ್ಯಾಗಾರಗಳು, ಇಷ್ಟರಲ್ಲೇ ನನ್ನ ಸಂಗ್ರಹದ ಬಹುಪಾಲು ದೊರೆತಿದೆ. ಕಲಾವಿದರು ಎದುರಿಗಿದ್ದರೆ 'ಇದರ ಅರ್ಥವೇನು' ಎಂದು ಕೇಳುವುದಿಲ್ಲ. 'ಇದು ಮುಗಿಯಿತು ಎಂದು ನಿಮಗೆ ಯಾವಾಗ ಅನ್ನಿಸಿತು?' ಎಂದು ಕೇಳುತ್ತೇನೆ. ಈ ಪ್ರಶ್ನೆಗೆ ಕಲಾವಿದರ ಮುಖ ಅರಳುವುದನ್ನು ಕಂಡಿದ್ದೇನೆ.

ಹೊಸಬರಿಗೆ ನನ್ನ ಒಂದೇ ಒತ್ತಾಯ, ಅಚ್ಚುಚಿತ್ರಗಳಿಂದ ಶುರುಮಾಡಿ ಎಂಬುದು. ಪ್ರಿಂಟ್ ಎಂದೊಡನೆ ಬೇರೊಂದು ಮೂಲ ಚಿತ್ರದ ನಕಲು ಎಂದು ಭಾವಿಸುವವರು ಬಹಳ. ಕಲಾವಿದರ ಅಚ್ಚುಚಿತ್ರಕ್ಕೆ ಅಂಥ ಮೂಲವೇ ಇರುವುದಿಲ್ಲ. ಮರ, ಲಿನೋಲಿಯಂ, ತಾಮ್ರದ ಫಲಕ ಅಥವಾ ಕಲ್ಲಿನ ಮೇಲೆ ಅಚ್ಚಿಗೆಂದೇ ಕೆಲಸ ನಡೆದಿರುತ್ತದೆ. ಕಾಗದದ ಮೇಲೆ ಇಳಿದದ್ದೇ ಕೃತಿ. ಒಂದೇ ಚಿತ್ರ ಹಲವು ಮನೆಗಳಿಗೆ ಹೋಗುವುದರಿಂದ ಬೆಲೆಯೂ ಕಡಿಮೆ. ಜರ್ಮನಿಯ ಕೇಥೆ ಕೋಲ್‌ವಿಟ್ಜ್ ಅವರಂಥ ದೊಡ್ಡ ಕಲಾವಿದೆ ಎಚ್ಚಿಂಗ್ (ಲೋಹದ ಫಲಕವನ್ನು ಆಮ್ಲದಿಂದ ಕೊರೆದು ತೆಗೆಯುವ ಅಚ್ಚು), ಲಿಥೋಗ್ರಾಫ್ (ಕಲ್ಲಚ್ಚು), ಮರದಚ್ಚುಗಳಲ್ಲೇ ತಮ್ಮ ಬಹುಮುಖ್ಯ ಕೆಲಸ ಮಾಡಿದ್ದು, ಅವು ಹೆಚ್ಚು ಜನರ ಕೈಸೇರುತ್ತವೆ ಎಂಬ ಕಾರಣಕ್ಕೂ ಹೌದು.

ಅಚ್ಚುಚಿತ್ರ ಕೊಳ್ಳುವಾಗ ನನ್ನ ಜೇಬಿನಲ್ಲಿ ಒಂದು ಭೂತಗನ್ನಡಿ ಇರುತ್ತದೆ. ಯಂತ್ರದ ಆಫ್‌ಸೆಟ್ ಮುದ್ರಣವಾಗಿದ್ದರೆ ಅದರಡಿ ಸಾಲಾಗಿ ನಿಂತ ಬಣ್ಣದ ಚುಕ್ಕಿಗಳು ಕಾಣುತ್ತವೆ. ಇಂಕ್‌ಜೆಟ್ ಆಗಿದ್ದರೆ ಎರಚಿದಂಥ ಸಣ್ಣ ಚುಕ್ಕಿಗಳು. ಲಿಥೋಗ್ರಾಫಿನಲ್ಲಿ ಕಲ್ಲಿನ ಮೇಲೆ ಎಳೆದ ಜಿಡ್ಡಿನ ಬಳಪದ ಕಣಕಣವಾದ ಗೆರೆ ಕಾಣಿಸುತ್ತದೆ. ಎಚ್ಚಿಂಗ್‌ನಲ್ಲಿ ಶಾಯಿ ಕಾಗದದಿಂದ ಕೂದಲೆಳೆಯಷ್ಟು ಮೇಲೆದ್ದಿರುತ್ತದೆ, ಚಿತ್ರದ ಸುತ್ತ ಫಲಕ ಒತ್ತಿದ ತಗ್ಗು ಇರುತ್ತದೆ. ಕಾಗದವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಎರಡೂ ಗೊತ್ತಾಗುತ್ತವೆ. ಡ್ರೈಪಾಯಿಂಟ್ ಎಂಬ ವಿಧಾನದಲ್ಲಿ ಮೊನಚಾದ ಸೂಜಿಯಿಂದ ಲೋಹವನ್ನು ನೇರವಾಗಿ ಗೀರುತ್ತಾರೆ. ಗೀರಿನ ಪಕ್ಕದಲ್ಲಿ ಎದ್ದು ನಿಂತ ಲೋಹದ ಸಣ್ಣ ಅಂಚು ಶಾಯಿಯನ್ನು ಹಿಡಿದು, ಗೆರೆಗೆ ಮಖಮಲ್ಲಿನ ಮೃದುತ್ವ ಕೊಡುತ್ತದೆ. ಪ್ರೆಸ್ಸಿನ ಒತ್ತಡಕ್ಕೆ ಆ ಅಂಚು ಬೇಗ ಸವೆಯುವುದರಿಂದ ಡ್ರೈಪಾಯಿಂಟ್‌ನಲ್ಲಿ ಮೊದಮೊದಲ ಪ್ರತಿಗಳೇ ಸೊಗಸು.

ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ 12/50 ಎಂದಿದ್ದರೆ, ಒಟ್ಟು ಐವತ್ತು ಪ್ರತಿಗಳಲ್ಲಿ ಇದು ಹನ್ನೆರಡನೆಯ ಸಂಖ್ಯೆಯದು ಎಂದರ್ಥ. ಹಾಳೆಗಳು ಒಣಗಿದ ಮೇಲೆ ಸಂಖ್ಯೆ ಹಾಕುವುದು ರೂಢಿಯಾದ್ದರಿಂದ, ಹನ್ನೆರಡನೆಯದು ಹನ್ನೆರಡನೆಯದಾಗಿಯೇ ಅಚ್ಚಾಗಿರಬೇಕೆಂದಿಲ್ಲ. ಎ.ಪಿ. (ಆರ್ಟಿಸ್ಟ್ಸ್ ಪ್ರೂಫ್) ಎಂದಿದ್ದರೆ ಅದು ಕಲಾವಿದರು ತಮಗೆಂದು ತೆಗೆದಿರಿಸಿಕೊಂಡ ಪ್ರತಿ. ಎಲ್ಲ ಪ್ರತಿ ತೆಗೆದ ಮೇಲೆ, ಮತ್ತೆ ಅಚ್ಚಾಗದಂತೆ ಫಲಕವನ್ನು ಗೀಚಿ ಹಾಳುಮಾಡಿದ್ದಾರೆಯೇ, ಉಳಿಸಿಕೊಂಡಿದ್ದಾರೆಯೇ ಎಂದೂ ಕೇಳಿ. ಸಂಕೋಚಪಡುವಂಥ ಪ್ರಶ್ನೆಯಲ್ಲ ಅದು.

ಬೆಲೆಯಲ್ಲಿ ನಾನು ಚೌಕಾಸಿ ಮಾಡುವುದಿಲ್ಲ, ಕಾಲಾವಕಾಶ ಕೇಳುತ್ತೇನೆ. ಹೆಚ್ಚಿನ ಕಲಾವಿದರು ಕಂತಿಗೆ ಸಂತೋಷದಿಂದ ಒಪ್ಪುತ್ತಾರೆ. ಹಣ ಪೂರ್ತಿ ಕೊಟ್ಟ ಮೇಲೆ ಕೃತಿಯ ಹೆಸರು, ವರ್ಷ, ಮಾಧ್ಯಮ, ಅಳತೆ, ಪ್ರತಿಯ ಸಂಖ್ಯೆ ಇರುವ ರಸೀದಿಯನ್ನು ಸಹಿಯೊಂದಿಗೆ ಪಡೆಯುತ್ತೇನೆ. ಚಿತ್ರ ನಮ್ಮದಾದರೂ ಅದನ್ನು ಕ್ಯಾಲೆಂಡರಿನಲ್ಲೋ ಆಮಂತ್ರಣ ಪತ್ರಿಕೆಯಲ್ಲೋ ಅಚ್ಚು ಹಾಕಿಸುವ ಹಕ್ಕು ಸಾಮಾನ್ಯವಾಗಿ ಕಲಾವಿದರಲ್ಲೇ ಉಳಿದಿರುತ್ತದೆ. ಇದು ತಿಳಿಯದೆ ಸ್ನೇಹ ಕೆಟ್ಟ ಸಂದರ್ಭಗಳಿವೆ. ಮುಂದೆ ಬೆಲೆ ಏರುತ್ತದೆ ಎಂಬ ಲೆಕ್ಕದಲ್ಲಿ ಕೊಳ್ಳುವವರ ಜೊತೆ ನನಗೆ ವಾದವಿಲ್ಲ, ಆದರೆ ಅವರಿಗೆ ಹೇಳಲು ನನ್ನಲ್ಲಿ ಏನೂ ಇಲ್ಲ.

ಕಾಗದದ ಮೇಲಿನ ಕೃತಿ ಮನೆಗೆ ಬಂದ ಮೇಲೆ ಅದರ ಮೊದಲ ಶತ್ರು ಅಗ್ಗದ ಚೌಕಟ್ಟು. ಆಮ್ಲವಿರುವ ರಟ್ಟು ಕೆಲವೇ ವರ್ಷಗಳಲ್ಲಿ ಚಿತ್ರದ ಅಂಚಿಗೆ ಕಂದು ಗೆರೆ ಹಾಕುತ್ತದೆ. ಆದ್ದರಿಂದ ಆಮ್ಲರಹಿತ ಮೌಂಟ್ ಬೋರ್ಡ್‌ಗೆ ಪಟ್ಟು ಹಿಡಿಯುತ್ತೇನೆ. ಸೆಲ್ಲೊಟೇಪ್ ತಾಗಿಸಲು ಬಿಡುವುದಿಲ್ಲ. ತೆಳುವಾದ ಜಪಾನಿ ಕಾಗದದ ಪಟ್ಟಿ, ಗೋಧಿ ಪಿಷ್ಟದ ಅಂಟು ಬಳಸಿದರೆ ಬೇಕಾದಾಗ ನೀರು ಸೋಕಿಸಿ ಬಿಡಿಸಬಹುದು. ಗಾಜು ಚಿತ್ರಕ್ಕೆ ಅಂಟಿಕೊಂಡಿರಬಾರದು, ನಡುವೆ ಗಾಳಿಯಾಡುವ ಜಾಗ ಬೇಕು. ಕಾಗದದ ಕೃತಿಗಳಿಗೆ ವಸ್ತುಸಂಗ್ರಹಾಲಯಗಳು ಸುಮಾರು 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ), ಅಂದರೆ ಮಂದ ಬೆಳಕನ್ನಷ್ಟೇ ಒಪ್ಪುತ್ತವೆ. ಮನೆಯಲ್ಲಿ ಅಷ್ಟು ಕತ್ತಲಲ್ಲಿ ಬದುಕಲಾಗದು ನಿಜ. ಬೆಳಕಿನಿಂದಾದ ಹಾನಿ ಕೂಡುತ್ತಲೇ ಹೋಗುತ್ತದೆ, ಮಾಸಿದ ಬಣ್ಣ ಮರಳುವುದಿಲ್ಲ ಎಂಬುದೂ ಅಷ್ಟೇ ನಿಜ. ಬಿಸಿಲು ನೇರವಾಗಿ ಬೀಳದ ಗೋಡೆ ಆರಿಸಿ, ಕೆಲವು ತಿಂಗಳಿಗೊಮ್ಮೆ ಚಿತ್ರಗಳನ್ನು ಇಳಿಸಿ ಬೇರೆಯವನ್ನು ತೂಗುಹಾಕುತ್ತೇನೆ. ಒದ್ದೆ ಹೀರುವ ಹೊರಗೋಡೆಯೂ ಬೇಡ. ಚಿತ್ರದ ಮಧ್ಯಭಾಗ ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್ ಎತ್ತರದಲ್ಲಿದ್ದರೆ ನಿಂತವರ ಕಣ್ಣಿಗೆ ಹಿತ. ಬಹಳ ಮನೆಗಳಲ್ಲಿ ಚಿತ್ರಗಳು ಚಾವಣಿಯ ಹತ್ತಿರ ಹೋಗಿ ಕೂತಿರುತ್ತವೆ.

ಹೀಗೆ ಚಿತ್ರಗಳಿಗೆ ವಿಶ್ರಾಂತಿ ಬೇಕಾದದ್ದರಿಂದಲೇ ನಮ್ಮ ಗುಂಪು ಹುಟ್ಟಿತು. ಇಳಿಸಿದ ಚಿತ್ರಗಳು ಬೀರುವಿನಲ್ಲಿ ಮಲಗಿರುವುದನ್ನು ಕಂಡ ಗೆಳತಿಯೊಬ್ಬರು, 'ನಮ್ಮ ಮನೆಯಲ್ಲಿ ನೆರಳಿನ ಗೋಡೆಯಿದೆ, ಸ್ವಲ್ಪ ದಿನ ಕೊಡುತ್ತೀರಾ?' ಎಂದು ಕೇಳಿದರು. ಕೊಟ್ಟೆ. ಅವರಲ್ಲಿಗೆ ಬಂದವರೂ ಕೇಳಿದರು. ಈಗ ಕೆಲವು ಮನೆಗಳು ಸೇರಿ ತಿಂಗಳಿಗಿಷ್ಟು ಎಂದು ಹಣ ಕೂಡಿಸಿ ಕೃತಿಗಳನ್ನು ಕೊಳ್ಳುತ್ತೇವೆ, ಅವು ಮನೆಯಿಂದ ಮನೆಗೆ ಸರದಿಯಲ್ಲಿ ಹೋಗುತ್ತವೆ. ಎಲ್ಲರೂ ಒಪ್ಪಿದ್ದನ್ನೇ ಕೊಳ್ಳಬೇಕೆಂದರೆ ಯಾರನ್ನೂ ಕದಲಿಸದ ಚಿತ್ರಗಳೇ ಬರುತ್ತವೆ. ಆದ್ದರಿಂದ ಪ್ರತಿ ಸಲ ಒಬ್ಬರು ಮಾತ್ರ ಆರಿಸುತ್ತಾರೆ, ಉಳಿದವರು ಅದನ್ನು ತಮ್ಮ ಗೋಡೆಗೆ ಬರಮಾಡಿಕೊಳ್ಳುತ್ತಾರೆ. ನಮ್ಮೆಲ್ಲ ನಿಯಮಗಳಲ್ಲಿ ಇದೇ ಅತ್ಯಂತ ಫಲ ಕೊಟ್ಟದ್ದು. ಪೂರ್ತಿ ಕಪ್ಪಾಗಿ ಕಾಣುವ, ಹತ್ತಿರ ಹೋದರೆ ಮಾತ್ರ ಸಾವಿರಾರು ಸಣ್ಣ ಕೊರೆತಗಳು ತೋರುವ ಲಿನೊಕಟ್ (ಲಿನೋಲಿಯಂ ಕೊರೆದು ತೆಗೆದ ಅಚ್ಚು) ಒಂದನ್ನು ಮೊದಲಿಗೆ ಯಾರೂ ಬಯಸಿರಲಿಲ್ಲ. ಈಗ ಅದನ್ನು ಬಿಟ್ಟುಕೊಡುವ ದಿನ ಬಂದಾಗ ಪ್ರತಿ ಮನೆಯಲ್ಲೂ 'ಇನ್ನೂ ಒಂದು ತಿಂಗಳಿರಲಿ' ಎನ್ನುತ್ತಾರೆ.

ಇದು ಹೊಸ ವಿಚಾರವೇನೂ ಅಲ್ಲ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜಿಮ್ ಈಡ್ 1950ರ ದಶಕದಲ್ಲಿ ಕೆಟಲ್ಸ್ ಯಾರ್ಡ್ ಎಂಬ ತಮ್ಮ ಮನೆಯನ್ನು ಮಧ್ಯಾಹ್ನದ ಹೊತ್ತು ವಿದ್ಯಾರ್ಥಿಗಳಿಗೆ ತೆರೆದಿಟ್ಟು, ಚಿತ್ರಗಳನ್ನು ಅವರ ಕೋಣೆಗಳಿಗೆ ಎರವಲು ಕೊಡುತ್ತಿದ್ದರು. 1966ರಲ್ಲಿ ಮನೆ, ಸಂಗ್ರಹ ಎರಡನ್ನೂ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಅಮೆರಿಕದ ಓಬರ್ಲಿನ್ ಕಾಲೇಜಿನಲ್ಲಿ 1940ರಿಂದಲೂ ವಿದ್ಯಾರ್ಥಿಗಳು ಮೂಲ ಕೃತಿಗಳನ್ನು ಅತ್ಯಲ್ಪ ಬಾಡಿಗೆಗೆ ತಮ್ಮ ಕೋಣೆಗೆ ಒಯ್ಯುತ್ತಾರೆ. ಚಿತ್ರವನ್ನು ಕೊಟ್ಟರೆ ಹಾಳುಮಾಡುತ್ತಾರೆ ಎನ್ನುವವರಿಗೆ ಇಷ್ಟು ವರ್ಷಗಳ ಈ ಎರವಲು ವ್ಯವಹಾರವನ್ನು ತೋರಿಸುತ್ತೇನೆ.

ಮನೆಗಳ ಆಚೆಗೆ, ಒಂದು ಗ್ರಂಥಾಲಯದ ಓದುವ ಕೋಣೆಗೂ ಒಂದು ಶಾಲೆಯ ಮೊಗಸಾಲೆಗೂ ಚಿತ್ರಗಳನ್ನು ಕೊಡುತ್ತಿದ್ದೇವೆ. ಕೊಡುವ ಮುನ್ನ ಕಲಾವಿದರಿಗೆ ತಿಳಿಸುತ್ತೇವೆ. ಚಿತ್ರದ ಮುಂಭಾಗ, ಹಿಂಭಾಗ, ನಾಲ್ಕು ಮೂಲೆಗಳ ಫೋಟೊ ತೆಗೆದು, ಈಗಾಗಲೇ ಇರುವ ಕಲೆ, ಮಡಿಕೆಗಳನ್ನು ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆಯವರು ಸಹಿ ಹಾಕುತ್ತೇವೆ. ಗಾಜಿನ ಬದಲು ಅಕ್ರಿಲಿಕ್ ಹಾಳೆ ಹಾಕಿಸುತ್ತೇವೆ, ಮಕ್ಕಳಿರುವ ಕಡೆ ಅದು ಕಡ್ಡಾಯ. ಪಕ್ಕದ ಚೀಟಿಯಲ್ಲಿ ಕಲಾವಿದರ ಹೆಸರು, ವರ್ಷ, ಮಾಡಿದ ವಿಧಾನ ಮಾತ್ರ; ಹೇಗೆ ನೋಡಬೇಕೆಂದು ಹೇಳುವುದಿಲ್ಲ. ಶಾಲೆಯ ಶಿಕ್ಷಕಿಯೊಬ್ಬರು ಮಕ್ಕಳಿಗೆ, ಚಿತ್ರದ ಚೌಕಟ್ಟಿನಾಚೆ ಏನಿದ್ದಿರಬಹುದು ಎಂದು ಬರೆಯಲು ಹೇಳಿದರು. ನಾವು ಹಿರಿಯರು ನೋಡೇ ಇರದ ಗೆರೆಯೊಂದನ್ನು, ಅಂಚಿನಲ್ಲಿ ತುಂಡಾಗಿ ನಿಂತದ್ದನ್ನು, ಹಲವು ಮಕ್ಕಳು ಹಿಡಿದು ಮುಂದುವರಿಸಿದ್ದರು. ಆ ಹಾಳೆಗಳನ್ನು ಕಲಾವಿದರಿಗೆ ಕಳಿಸಿದೆವು.

ಮುಂದಿನ ಆಯ್ಕೆಯ ಸರದಿ ನಮ್ಮ ಗುಂಪಿನ ಅತಿ ಕಿರಿಯಳದು. ಅವಳಿಗೆ ಬೇಕಿರುವುದು ಒಂದು ವಿಡಿಯೊ ಕೃತಿ. ಗೋಡೆಗೆ ಮೊಳೆ ಹೊಡೆಯುವುದಷ್ಟೇ ಬಲ್ಲ ನಮಗೆ ಎಲ್ಲವೂ ಹೊಸದು: ನಮಗೆ ಸಿಗುವುದು ಯಾವ ಕಡತ, ಒಟ್ಟು ಎಷ್ಟು ಪ್ರತಿಗಳಿವೆ, ಎಂಥ ಪರದೆಯ ಮೇಲೆ ಎಷ್ಟು ದೊಡ್ಡದಾಗಿ ತೋರಿಸಬಹುದು, ಕಡತದ ಮಾದರಿ ಹಳತಾದಾಗ ಹೊಸದಕ್ಕೆ ಬದಲಿಸಲು ನಮಗೆ ಅನುಮತಿ ಇದೆಯೇ, ಒಂದು ಮನೆಯಲ್ಲಿ ತೋರಿಸುತ್ತಿರುವಾಗಲೇ ಗ್ರಂಥಾಲಯದಲ್ಲೂ ತೋರಿಸಬಹುದೇ. ಪ್ರಶ್ನೆಗಳನ್ನೆಲ್ಲ ಅವಳೇ ಬರೆದು ಕಲಾವಿದರಿಗೆ ಕಳಿಸಿದ್ದಾಳೆ. ಉತ್ತರ ಬಂದ ಮೇಲೆ ಒಪ್ಪಂದದ ಹಾಳೆಯನ್ನು ಹೊಸದಾಗಿ ಬರೆಯಬೇಕು.